ಎರಡು ಮನೆಯ ಮಗು

ಕೆಂಪಕ್ಷರ ಕಂಡರೆ ಹೆದರಬೇಡಿ, ಓದಿ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ದಾಕ್ಷಾಯಿಣಿ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು. ಕಂಪ್ಯೂಟರಿಗೆ ನಿಮ್ಮ ಮೇಲೇನೂ ಹಗೆಯಿಲ್ಲ, ಅದು ಕೆಂಪಕ್ಷರದಲ್ಲಿ ಏನಾದರೂ ಹೇಳಿದರೆ ನಿಮ್ಮ ಒಳ್ಳೆಯದಕ್ಕೇ ಹೇಳುತ್ತದೆ, ಪೂರ್ತಿ ಓದದೆ ಅದರ ಬಾಯಿ ಮುಚ್ಚಿಸಲು ಹೋಗಬೇಡಿ ಎನ್ನುತ್ತಿದ್ದಳು. ಚಿತ್ರದುರ್ಗದ ಮುನ್ನೆಚ್ಚರ ಕೇಂದ್ರದಲ್ಲಿ ಯಾರ ಪ್ರೋಗ್ರಾಮು ಮುಗ್ಗರಿಸಿದರೂ ಜನ ಮೊದಲು ಹುಡುಕುತ್ತಿದ್ದುದು ಅವಳನ್ನು. ಇಪ್ಪತ್ತು ವರ್ಷದ ಅನುಭವ. ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಾಗಿ, ಎರಡು ನಿಮಿಷದಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಇಂಥವಳೇ ಒಂದು ಸಂಜೆ ಕೆಂಪಕ್ಷರದ ಬಾಯಿ ಮುಚ್ಚಿಸಿದಳು.

ಮುನ್ನೆಚ್ಚರ ಕಡಗ ಬರುವ ಮೊದಲು ಫಿಟ್ಸ್ ಇರುವವರ ಮನೆಗಳಲ್ಲಿ ಬದುಕು ಹೇಗಿತ್ತು ಎಂದು ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಒಲೆಯ ಹತ್ತಿರ ಬಿಡುವಂತಿಲ್ಲ, ಬಾವಿಕಟ್ಟೆಗೆ ಕಳಿಸುವಂತಿಲ್ಲ, ಬಸ್ಸಿನ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಮನೆಯಲ್ಲೊಬ್ಬರು ಸದಾ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಆಮೇಲೆ ಯಾರೋ ಪುಣ್ಯಾತ್ಮರು ಮೂರ್ಛೆಗೆ ಮುಂಚೆ ಬೆವರಿನ ಉಪ್ಪು ಒಂದು ಬಗೆಯಲ್ಲಿ ಏರುತ್ತದೆ, ನಾಡಿಬಡಿತಗಳ ನಡುವಿನ ಬಿಡುವು ಒಂದು ಬಗೆಯಲ್ಲಿ ಕುಗ್ಗುತ್ತದೆ, ಎರಡನ್ನೂ ಕೂಡಿಸಿ ನೋಡಿದರೆ ಹನ್ನೊಂದು ನಿಮಿಷ ಮೊದಲೇ ಗೊತ್ತಾಗುತ್ತದೆ ಎಂದು ಕಂಡುಹಿಡಿದರು. ಮೈಗೆ ತಾಗುವ ತೆಳುವಾದ ಕಡಗವೊಂದು ತಯಾರಾಯಿತು. ಕಡಗ ತಾನೇ ಕೂಗುವುದಿಲ್ಲ. ಹಾಕಿಕೊಂಡವರು ಗಾಬರಿಬಿದ್ದರೆ ಮೂರ್ಛೆ ಇನ್ನೂ ಬೇಗ ಬರುತ್ತದೆಂದು ವೈದ್ಯರು ಬೇಡವೆಂದಿದ್ದರು. ಅದು ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ, ಕೇಂದ್ರ ಆ ಮನೆಯ ಗೋಡೆಯ ಮೇಲಿನ ಗಂಟೆಪೆಟ್ಟಿಗೆಯನ್ನು ಕೂಗಿಸುತ್ತದೆ, ಮನೆಯವರು ಓಡಿಹೋಗಿ ಮಲಗಿಸಿ, ತಲೆಗೆ ದಿಂಬು ಕೊಟ್ಟು ಪಕ್ಕದಲ್ಲಿ ಕೂರುತ್ತಾರೆ. ಹನ್ನೊಂದು ನಿಮಿಷ ಅಂದರೆ ಧಾರಾಳವಾಯಿತು.

ಯಾರ ಕಡಗಕ್ಕೆ ಯಾವ ಪೆಟ್ಟಿಗೆ ಕೂಗಬೇಕು ಎಂಬುದನ್ನು ಹೇಳುವ ದಾಖಲೆಯೊಂದಿತ್ತು. ದಿನಾ ಬೆಳಗಿನ ಐದು ಗಂಟೆಗೆ ಕಂಪ್ಯೂಟರು ಅದನ್ನು ಹೊಸದಾಗಿ ಕಟ್ಟುತ್ತಿತ್ತು. ಎಕ್ಸ್‌ಎಂಎಲ್ ಎಂಬ ಹಳೆಯ, ನೆಚ್ಚಬಹುದಾದ ಬಗೆಯ ದಾಖಲೆ. ವಂಶವೃಕ್ಷ ಬರೆದಂತೆ: ಎಲ್ಲಕ್ಕಿಂತ ಮೇಲೆ ಜಿಲ್ಲೆ, ಅದರ ಕೆಳಗೆ ಊರು, ಊರಿನ ಕೆಳಗೆ ಮನೆ, ಮನೆಯ ಕೆಳಗೆ ಮನುಷ್ಯರು. ಮೇಲಿನದನ್ನು ತಾಯಿ, ಕೆಳಗಿನದನ್ನು ಮಗು ಎನ್ನುವುದು ಈ ಕೆಲಸದವರ ವಾಡಿಕೆ. ಯಾವ ಮನೆಯ ಕೆಳಗೆ ಯಾರ ಹೆಸರಿದೆಯೋ ಅವರಿಗೆ ಆ ಮನೆಯ ಪೆಟ್ಟಿಗೆ ಕೂಗುತ್ತದೆ. ಅಷ್ಟೇ. ಈ ದಾಖಲೆಯನ್ನು ಕಟ್ಟುವ ಪ್ರೋಗ್ರಾಮು ದಾಕ್ಷಾಯಿಣಿ ಬರೆದದ್ದು.

ಆ ಸೋಮವಾರ ಬೆಳಿಗ್ಗೆ ಅವಳ ಮೇಜಿನ ಮೇಲೆ ಮೊಳಕಾಲ್ಮೂರಿನ ವರದಿಯೊಂದು ಬಂದು ಕೂತಿತ್ತು. ತನುಜ, ಹನ್ನೊಂದು ವರ್ಷ, ನೇಕಾರರ ಮನೆಯ ಹುಡುಗಿ. ಶನಿವಾರ ಮಧ್ಯಾಹ್ನ ಎರಡು ಇಪ್ಪತ್ತೈದಕ್ಕೆ ಹಿತ್ತಿಲಲ್ಲಿ ಮೂರ್ಛೆ ಬಂದಿದೆ. ಒಲೆಯ ಮೇಲೆ ರೇಷ್ಮೆಗೆ ಹಾಕುವ ಬಣ್ಣದ ಹಂಡೆ ಕುದಿಯುತ್ತಿತ್ತು. ಬಲಗೈ ಮೊಣಕೈವರೆಗೆ ಬೆಂದಿದೆ, ಜೀವಕ್ಕೆ ಅಪಾಯವಿಲ್ಲ, ಎರಡು ಬೆರಳು ಮೊದಲಿನಂತಾಗುವುದು ಅನುಮಾನ. ಕೊನೆಯಲ್ಲಿ ಒಂದು ಸಾಲು: 'ಎಚ್ಚರಿಕೆ 2.14ಕ್ಕೆ ತಲುಪಿದೆ. ಮನೆಯವರು ಸ್ಪಂದಿಸಿಲ್ಲ.'

ಪಾಪ ಎಂದುಕೊಳ್ಳುತ್ತಲೇ ದಾಕ್ಷಾಯಿಣಿ ಆ ಶನಿವಾರದ ದಾಖಲೆ ತೆರೆದು ತನುಜಳ ಹೆಸರು ಹುಡುಕಿದಳು. ಹೆಸರು ಸಿಕ್ಕಿತು. ಬನಕ್ಕ ಎಂಬವರ ಮನೆಯ ಕೆಳಗಿತ್ತು. ವರದಿಯಲ್ಲಿ ಘಟನೆ ನಡೆದ ಮನೆ ಚೌಡಮ್ಮನದು, ಹುಡುಗಿಯ ಹೆತ್ತತಾಯಿಯದು. ಚೌಡಮ್ಮನ ಮನೆಯನ್ನೂ ಹುಡುಕಿದಳು. ಮನೆ ಇತ್ತು, ಪೆಟ್ಟಿಗೆಯ ಸಂಖ್ಯೆ ಇತ್ತು, ಕೆಳಗೆ ಯಾರೂ ಇರಲಿಲ್ಲ.

ಅವಳಿಗೆ ಆ ಕ್ಷಣವೇ ಎಲ್ಲವೂ ಗೊತ್ತಾಯಿತು. ಹುಡುಕಾಟ, ತಪಾಸಣೆ ಒಂದೂ ಬೇಕಾಗಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಕೂತಳು.

ಏಳು ತಿಂಗಳ ಹಿಂದೆ, ಉದ್ಘಾಟನೆಯ ಹಿಂದಿನ ಸಂಜೆ. ಹನ್ನೊಂದು ಸಾವಿರ ಮನೆಗಳ ದಾಖಲೆಯನ್ನು ಮೊದಲ ಸಲ ಪೂರ್ತಿ ಕಟ್ಟಲು ಹೊರಟಾಗ ಪ್ರೋಗ್ರಾಮು ಅರ್ಧದಲ್ಲಿ ನಿಂತು ಕೆಂಪಕ್ಷರ ತೋರಿಸಿತು: 'ಈ ಮಗುವಿಗೆ ಈಗಾಗಲೇ ಒಂದು ತಾಯಿ ಇದೆ. ಸೇರಿಸಲಾಗದು.' ಎಕ್ಸ್‌ಎಂಎಲ್‌ನಲ್ಲಿ ಒಂದು ಮಗು ಒಂದೇ ತಾಯಿಯ ಕೆಳಗಿರಬೇಕು, ಅದು ಅದರ ಕಟ್ಟುನಿಟ್ಟು. ಆದರೆ ನಲವತ್ತೊಂದು ಜನರ ಹೆಸರಿನ ಮುಂದೆ ಎರಡೆರಡು ಮನೆ ಬರೆದು ಬಂದಿತ್ತು. ಮೊಳಕಾಲ್ಮೂರಿನ ಮಗ್ಗದ ಕೇರಿಗಳವರೇ ಬಹುಪಾಲು. ಅಲ್ಲಿ ನೆಲ ತೋಡಿ ಕೂರಿಸಿದ ಗುಂಡಿಮಗ್ಗ ಇರುವ ಮನೆಯಲ್ಲಿ ಮಗ್ಗವೇ ಯಜಮಾನ. ಅದು ಕಾಲು ಚಾಚಿದ ಮೇಲೆ ಮಿಕ್ಕವರಿಗೆ ಮಲಗಲು ಜಾಗವಿರುವುದಿಲ್ಲ. ಹಾಗಾಗಿ ಮಕ್ಕಳ ಊಟ ತಾಯಿಯ ಮನೆಯಲ್ಲಿ, ನಿದ್ದೆ ಎದುರಿನ ದೊಡ್ಡಮ್ಮನ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ. ನಿಮ್ಮ ಮನೆ ಯಾವುದು ಮರೀ ಎಂದು ಕೇಳಿದರೆ ಆ ಕೇರಿಯ ಮಕ್ಕಳು ಎರಡೂ ಕಡೆ ಕೈ ತೋರಿಸುತ್ತಾರೆ. ಹೆಸರು ಬರೆದುಕೊಳ್ಳಲು ಹೋದವರು ತಿಳಿದವರು, ಎರಡೂ ಮನೆ ಬರೆದುಕೊಂಡು ಎರಡೂ ಕಡೆ ಪೆಟ್ಟಿಗೆ ಹಾಕಿಸಿದ್ದರು.

ದಾಕ್ಷಾಯಿಣಿ ಕೆಂಪಕ್ಷರವನ್ನು ಓದಿದಳು. ಮೊದಲು ನಕಲು ಮಾಡಿ ಎರಡೂ ಮನೆಗೆ ಒಂದೊಂದು ಪ್ರತಿ ಹಾಕಿದಳು. ಈ ಸಲ ದಾಖಲೆಯ ನಿಯಮಪಟ್ಟಿ ತಕರಾರು ತೆಗೆಯಿತು: 'ಒಂದೇ ಗುರುತಿನ ಸಂಖ್ಯೆ ಎರಡು ಕಡೆ ಇದೆ.' ಸರಿಯಾದ ದಾರಿ ಅವಳಿಗೆ ಗೊತ್ತಿತ್ತು. ಮನುಷ್ಯರನ್ನೆಲ್ಲ ಒಂದೆಡೆ ಬರೆದು, ಮನೆಗಳ ಕೆಳಗೆ ಅವರ ಸಂಖ್ಯೆಯನ್ನಷ್ಟೇ ಇಟ್ಟರೆ ಆಯಿತು. ಒಂದು ಸಂಖ್ಯೆ ಎಷ್ಟು ಮನೆಯಲ್ಲಿದ್ದರೂ ತಕರಾರಿಲ್ಲ. ಆದರೆ ಅದಕ್ಕೆ ನಿಯಮಪಟ್ಟಿ ಬದಲಾಗಬೇಕು, ಮೂರು ಸಹಿ ಬೇಕು, ಎಲ್ಲ ಪೆಟ್ಟಿಗೆಗಳಿಗೂ ಹೊಸ ನಿಯಮ ಕಲಿಸಬೇಕು. ಕಡಿಮೆಯೆಂದರೂ ಒಂದು ವಾರ. ಬೆಳಗಾದರೆ ಉದ್ಘಾಟನೆ, ಅಂಗಳದಲ್ಲಿ ಶಾಮಿಯಾನ ಏಳುತ್ತಿತ್ತು, ನಿರ್ದೇಶಕರು ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಇಣುಕಿ 'ಆಯ್ತಾ?' ಎನ್ನುತ್ತಿದ್ದರು.

ಪ್ರೋಗ್ರಾಮಿನ ಭಾಷೆಯಲ್ಲಿ 'ಬಿಡಿಸು' ಎಂಬ ಆಜ್ಞೆಯೊಂದಿದೆ. ಮಗುವನ್ನು ಅದರ ತಾಯಿಯಿಂದ ಬಿಡಿಸುವುದು. ಬಿಡಿಸಿದ ಮಗುವನ್ನು ಇನ್ನೊಂದು ತಾಯಿಗೆ ಸೇರಿಸಿದರೆ ಯಾವ ತಕರಾರೂ ಇಲ್ಲ. ಅವಳು ಆ ಒಂದು ಪದ ಸೇರಿಸಿದಳು. ಕೆಂಪಕ್ಷರ ಮಾಯವಾಗಿ ಪರದೆಯ ತುಂಬ ಹಸಿರು. ಎರಡು ಮನೆಯ ನಲವತ್ತೊಂದು ಜನ ಊಟದ ಮನೆಯಿಂದ ಸದ್ದಿಲ್ಲದೆ ಬಿಡಿಸಿಕೊಂಡು ನಿದ್ದೆಯ ಮನೆಗೆ ಸೇರಿದರು. ಹೀಗಾಗುತ್ತದೆಂದು ಅವಳಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಅದಕ್ಕೇ ಆ ಸಾಲಿನ ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದಳು: 'ತಾತ್ಕಾಲಿಕ. ಸೋಮವಾರ ಸರಿಪಡಿಸಬೇಕು. – ದಾ.' ಆ ಸೋಮವಾರ ಬೇರೇನೋ ಕೆಲಸ ಬಂತು. ಆಮೇಲೆ ಮೂವತ್ತು ಸೋಮವಾರ ಕಳೆದವು.

ಅಷ್ಟು ದಿನ ಯಾರಿಗೂ ಅನುಮಾನ ಬರಲಿಲ್ಲ. ಪೆಟ್ಟಿಗೆ ಕೂರಿಸಲು ಹೋದವರು ಕೆಳಗಿನ ಪರೀಕ್ಷೆಯ ಗುಂಡಿ ಒತ್ತಿ ಕೂಗಿಸಿ ತೋರಿಸಿ ಬಂದಿದ್ದರು. ಆ ಗುಂಡಿಗೆ ದಾಖಲೆಯ ಹಂಗಿಲ್ಲ. ನಡುವೆ ಒಮ್ಮೆ ತನುಜಳಿಗೆ ಬೆಳಗಿನ ಜಾವ ಎದುರಿನ ದೊಡ್ಡಮ್ಮ ಬನಕ್ಕನ ಮನೆಯಲ್ಲಿ ಮೂರ್ಛೆ ಬಂದಾಗ ಅಲ್ಲಿನ ಪೆಟ್ಟಿಗೆ ಚೆನ್ನಾಗಿಯೇ ಕೂಗಿ, ಎಲ್ಲರೂ ಕೈಮುಗಿದಿದ್ದರು. ಈ ಶನಿವಾರವೂ ಅದು ಕೂಗಿತ್ತು. ಬನಕ್ಕ ಮನೆಗೆ ಬೀಗ ಹಾಕಿಕೊಂಡು ರಾಯದುರ್ಗಕ್ಕೆ ಮದುವೆಗೆ ಹೋಗಿದ್ದಳು. ಮುಚ್ಚಿದ ಬಾಗಿಲೊಳಗಿನ ಕೂಗು ಕೇರಿಯ ಮಗ್ಗಗಳ ಸದ್ದಿನಲ್ಲಿ ಹೊರಗೆ ಯಾರಿಗೂ ಕೇಳಿಸಿರಲಿಲ್ಲ.

ದಾಕ್ಷಾಯಿಣಿ ಮಾಡಿದ ಮೊದಲ ಕೆಲಸ, ಉಳಿದ ನಲವತ್ತು ಜನರ ಮನೆಗಳಿಗೆ 'ತಪಾಸಣೆ ನಡೆಯುತ್ತಿದೆ, ಎರಡು ದಿನ ಕಣ್ಣಿಟ್ಟಿರಿ' ಎಂದು ಫೋನು ಮಾಡಿಸಿದ್ದು. ಎರಡನೆಯದು, ನಿರ್ದೇಶಕ ಜಯಸಿಂಹ ಅವರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಅವರು ಕೂಗಾಡುವ ಮನುಷ್ಯನಲ್ಲ. ನಿಯಮಪಟ್ಟಿಯ ಬದಲಾವಣೆಗೆ ತಾವೇ ಓಡಾಡಿ ಸಹಿ ಹಾಕಿಸಿದರು. ಒಂದು ವಾರ ಬೇಕೆಂದು ಅವಳು ಹೆದರಿದ್ದ ಮೂರು ಸಹಿ ಒಂದೇ ಮಧ್ಯಾಹ್ನದಲ್ಲಿ ಬಿದ್ದವು. ಅವತ್ತು ಕೇಳಿದ್ದರೂ ಬೀಳುತ್ತಿದ್ದವೋ ಏನೋ. ಅವಳು ಕೇಳಿರಲೇ ಇಲ್ಲ. ಇದು ಅವಳನ್ನು ಆಮೇಲೆ ತುಂಬಾ ದಿನ ಇರಿಯಿತು.

"ಸರಿಯಾಯ್ತಲ್ಲ ದಾಕ್ಷಾಯಿಣಿ, ಇನ್ನು ಇದನ್ನ ಇಲ್ಲಿಗೇ ಬಿಡಿ," ಎಂದರು ಜಯಸಿಂಹ.

"ಸರ್, ಆ ಮನೆಯವರಿಗೆ ಹೇಳಬೇಕಲ್ವಾ? ಎಚ್ಚರಿಕೆ ತಲುಪಿದೆ ಅಂತ ಅವರಿಗೆ ಕಾಗದ ಬರೆದು ಕಳಿಸಿದೀವಿ."

"ತಲುಪಿದೆ. ಸುಳ್ಳೇನಲ್ಲವಲ್ಲ."

"ಖಾಲಿ ಮನೆಗೆ ತಲುಪಿದೆ ಸರ್."

ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. "ನೋಡಿ, ಹನ್ನೊಂದು ಸಾವಿರ ಮನೆಯವರು ನಮ್ಮನ್ನ ನಂಬಿದ್ದಾರೆ. ಪೆಟ್ಟಿಗೆ ಕೂಗಲಿಲ್ಲವಂತೆ ಅಂತ ಒಂದು ಮಾತು ಹೊರಗೆ ಬಿತ್ತು ಅಂದ್ರೆ ಅರ್ಧ ಜನ ಕಡಗ ಬಿಚ್ಚಿಟ್ಟು ದೇವರ ತಾಯಿತಕ್ಕೆ ಹೋಗ್ತಾರೆ. ಆಗ ಎಷ್ಟು ಮಕ್ಕಳು ಒಲೆಗೆ ಬೀಳ್ತಾರೆ, ನೀವೇ ಯೋಚನೆ ಮಾಡಿ. ನಿಮ್ಮ ಮನಸ್ಸಿಗೆ ಹಗುರಾಗ್ಲಿ ಅಂತ ಅವರನ್ನೆಲ್ಲ ಗಂಡಾಂತರಕ್ಕೆ ನೂಕ್ತೀರಾ?"

ನಿಜ ಹೇಳಬೇಕೆಂದರೆ ಆ ಮಾತು ಕೇಳಿ ದಾಕ್ಷಾಯಿಣಿಗೆ ಒಳಗೊಳಗೇ ಸಮಾಧಾನವೂ ಆಯಿತು. ಹೇಳದಿರುವುದೇ ಧರ್ಮ ಎಂದು ದೊಡ್ಡವರೊಬ್ಬರು ಹೇಳಿದರೆ ಯಾರಿಗೆ ಬೇಡ? ಬಾಗಿಲು ಎಳೆದುಕೊಂಡು ಹೊರಗೆ ಬಂದಾಗ ಆ ಸಮಾಧಾನದ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ಅವಳ ಗಂಡ ರುದ್ರಮುನಿಗೆ ಸಂತೆಹೊಂಡದ ರಸ್ತೆಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಮನೆಗೆ ಬಂದರೆ ಅಂಗಡಿಯ ಸುದ್ದಿಯನ್ನೆಲ್ಲ ಊಟದ ಜೊತೆ ಬಡಿಸುವ ಮನುಷ್ಯ. ಆ ಸಂಜೆ ಅವನು ರೊಟ್ಟಿ ಮುರಿಯುತ್ತ ಒಬ್ಬ ಗಿರಾಕಿಯ ಮೇಲೆ ಹರಿಹಾಯುತ್ತಿದ್ದ.

"ಮನೆಯಲ್ಲಿ ಫ್ಯೂಸು ಮೇಲಿಂದ ಮೇಲೆ ಹೋಗ್ತಿತ್ತಂತೆ. ಏನ್ ಮಾಡಿದ್ದಾನೆ ಗೊತ್ತಾ? ದಪ್ಪ ತಂತಿ ತಂದು ಫ್ಯೂಸಿಗೆ ಸುತ್ತಿದ್ದಾನೆ. ಇನ್ನೆಲ್ಲಿ ಹೋಗುತ್ತೆ ಫ್ಯೂಸು? ಮೋಟಾರೇ ಸುಟ್ಟು ಕರಕಲಾಗಿ ಬಂದಿದೆ. ಅಯ್ಯಾ, ಫ್ಯೂಸು ಹೋಗ್ತಿದ್ದದ್ದು ನಿನಗೆ ಉಪಕಾರ ಮಾಡೋಕೆ ಅಂದೆ. ಆರಿಸಿ ಆರಿಸಿ ಬೈದೆ."

ದಾಕ್ಷಾಯಿಣಿ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟಳು. ನೀರು ಕುಡಿದಳು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟಳು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಾನು ಬೈದದ್ದು ಮೋಟಾರು ಸುಟ್ಟಿದ್ದಕ್ಕೆ ಕಣೇ," ಎಂದ. "ನಿನಗೆ ಏನ್ ಹೇಳೋದು ಅಂತ ನಂಗೆ ಗೊತ್ತಾಗ್ತಿಲ್ಲ."

"ಬೈಯಿರಿ. ಯಾರಾದ್ರೂ ಬೈದ್ರೆ ಸಾಕು ಅನ್ನಿಸ್ತಿದೆ."

"ನಾನು ಬೈದು ಏನಾಗ್ಬೇಕು? ನನ್ನ ಕೈಯೇನು ಬೆಂದಿಲ್ಲವಲ್ಲ."

ನಲವತ್ತು ದಿನ ಕಳೆಯಿತು. ದಾಖಲೆ ಈಗ ಸರಿಯಾಗಿ ಕಟ್ಟಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಕೇಂದ್ರಕ್ಕೆ ಹೋದಕೂಡಲೇ ಅವಳು ಚೌಡಮ್ಮನ ಮನೆಯನ್ನು ತೆರೆದು ನೋಡುತ್ತಿದ್ದಳು. ತನುಜಳ ಸಂಖ್ಯೆ ಅಲ್ಲಿ ಇರುತ್ತಿತ್ತು. ಎದುರಿನ ಮನೆಯಲ್ಲೂ ಇರುತ್ತಿತ್ತು. ಹೊಸಬರಿಗೆ ಪಾಠ ಹೇಳುವುದನ್ನು ಅವಳು ಬಿಟ್ಟುಬಿಟ್ಟಿದ್ದಳು. ಕೆಂಪಕ್ಷರ ಓದಿ ಎನ್ನಲು ಬಾಯಿ ಬರುತ್ತಿರಲಿಲ್ಲ.

ಒಂದು ಗುರುವಾರ ಮನೆ ಬದಲಾವಣೆಯ ಅರ್ಜಿಗಳ ಕಟ್ಟಿನಲ್ಲಿ ಒಂದು ಹಾಳೆ ಬಂತು. ಶಾಲೆಯ ನೋಟ್‌ಬುಕ್ಕಿನಿಂದ ಹರಿದದ್ದು, ದುಂಡಗಿನ ಎಳೆಯ ಅಕ್ಷರ, ಎಡಗೈಯಲ್ಲಿ ಬರೆದದ್ದಿರಬೇಕು, ಸಾಲುಗಳು ಕೆಳಗಿಳಿದಿದ್ದವು. 'ಮಾನ್ಯರೆ, ಮೊಳಕಾಲ್ಮೂರಿನ ಚೌಡಮ್ಮನಾದ ನಾನು ಬರೆಸುವುದೇನೆಂದರೆ, ನನ್ನ ಮಗಳು ತನುಜ ಇನ್ನು ಮುಂದೆ ಊಟಕ್ಕೂ ನಿದ್ದೆಗೂ ನಮ್ಮ ಅಕ್ಕ ಬನಕ್ಕನ ಮನೆಯಲ್ಲೇ ಇರುತ್ತಾಳೆ. ನಿಮ್ಮ ಗಂಟೆ ಕೂಗಿದರೂ ನನಗೆ ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ. ನಮ್ಮ ಮನೆಯಿಂದ ಮಗುವಿನ ಹೆಸರು ತೆಗೆಯಬೇಕಾಗಿ ಬೇಡಿಕೊಳ್ಳುತ್ತೇನೆ.' ಕೆಳಗೆ ಚೌಡಮ್ಮನ ಸಹಿ.

ತಾಯಿ ಹೇಳಿದ್ದನ್ನು ಮಗಳೇ ಬರೆದಿದ್ದಳು. ತನ್ನ ಹೆಸರನ್ನು ತನ್ನ ಮನೆಯಿಂದ ತೆಗೆಯಿರಿ ಎಂದು, ಸರಿಯಿರುವ ಒಂದು ಕೈಯಲ್ಲಿ.

ಅರ್ಜಿ ಬಂದರೆ ದಾಕ್ಷಾಯಿಣಿ ಮಾಡಬೇಕಾದ ಕೆಲಸ ಸಣ್ಣದು. ಹೆಸರು ಹುಡುಕಿ, ಆ ಮನೆಯಿಂದ ಬಿಡಿಸುವುದು. ಅದೇ ಪದ. ಅವಳು ಗುಟ್ಟಾಗಿ ಒಮ್ಮೆ ಮಾಡಿದ್ದನ್ನೇ ಈಗ ಆ ತಾಯಿ ಕೈಮುಗಿದು ಮಾಡಿ ಎನ್ನುತ್ತಿದ್ದಳು. ದಾಕ್ಷಾಯಿಣಿ ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಜಯಸಿಂಹ ಅವರ ಕೋಣೆಯ ಬಾಗಿಲಲ್ಲೇ ನಿಂತು, "ಸರ್, ನಾಳೆ ಮೊಳಕಾಲ್ಮೂರಿಗೆ ಹೋಗ್ತೀನಿ. ಹೇಳಿ ಬರ್ತೀನಿ," ಎಂದಳು.

"ಯೋಚನೆ ಮಾಡಿದೀರಾ?"

"ನಲವತ್ತು ದಿನ ಅದನ್ನೇ ಮಾಡಿದೀನಿ ಸರ್."

ಜಯಸಿಂಹ ತಡೆಯಲಿಲ್ಲ. ಹೋಗಿ ಎಂದೂ ಹೇಳಲಿಲ್ಲ.

ಚಳ್ಳಕೆರೆ ದಾಟಿ ಬಸ್ಸು ಮೊಳಕಾಲ್ಮೂರು ಮುಟ್ಟುವಾಗ ಹನ್ನೊಂದು ಗಂಟೆ. ಕೇರಿಯ ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು, ಒಂದರ ಬೆನ್ನಿಗೊಂದು, ನಿಲ್ಲದೆ. ಚೌಡಮ್ಮನ ಮನೆಯೊಂದರಿಂದ ಮಾತ್ರ ಬರುತ್ತಿರಲಿಲ್ಲ.

ಚೌಡಮ್ಮ ಮೂವತ್ತೈದರ ಹೆಂಗಸು, ಗಟ್ಟಿ ಮೈಕಟ್ಟು, ಮುಖ ಮಾತ್ರ ಇಳಿದುಹೋಗಿತ್ತು. ಕೇಂದ್ರದವರು ಎಂದದ್ದೇ ಗಡಬಡಿಸಿ ಚಾಪೆ ಹಾಸಿ, ನೀರು ತಂದುಕೊಟ್ಟಳು.

"ಬರ್ರಿ ಮೇಡಮ್ಮ, ಕುಂದುರ್ರಿ. ಅರ್ಜಿ ಮುಟ್ತಾ? ನಮ್ ಯಜಮಾನ್ರು ಸೊಸೈಟಿಗೆ ಹೋಗ್ಯಾರೆ. ಏನಾರ ಸಹಿ ಬೇಕಿದ್ರೆ ನಾನೇ ಹಾಕ್ತೀನಿ."

ಮಗ್ಗದ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿದ್ದರು. ಅಂಚಿನಲ್ಲಿ ಅರ್ಧ ನೇಯ್ದ ನವಿಲುಬಣ್ಣದ ರೇಷ್ಮೆ ಇಣುಕುತ್ತಿತ್ತು, ಅದರ ಮೇಲೂ ಧೂಳು. ಮಗ್ಗದ ಎದುರು ಗೋಡೆಗೆ ಗಂಟೆಪೆಟ್ಟಿಗೆ, ಕೂತವರ ತಲೆಯಿಂದ ಆರು ಅಡಿ ದೂರ.

"ಮಗ್ಗ ನಿಲ್ಸಿದೀರಾ?" ಎಂದಳು ದಾಕ್ಷಾಯಿಣಿ.

"ಇನ್ನೆಲ್ಲಿ ಮಗ್ಗ ಮೇಡಮ್ಮ. ಅವತ್ತು ಮಗ್ಗದಾಗೆ ಸೆರಗಿನ ಹೂವು ಎತ್ತುತಿದ್ದೆ, ತೆಲಿ ತಗ್ಸಿದ್ದು ಎತ್ಲಿಲ್ಲ. ನೀವೆಲ್ಲ ಹನ್ನೊಂದು ನಿಮಿಷ ಮುಂಚೆನೇ ಹೇಳೀರಿ ಅಂತೆ, ಕಾಗದ ಬಂತಲ್ಲ. ಹನ್ನೊಂದು ನಿಮಿಷ ಅದು ಬಡ್ಕಂಡೈತೆ, ಈ ಕಿವಿಗೆ ಬೀಳ್ಲಿಲ್ಲ. ನನ್ ಮಗ್ಳು ಹಿತ್ಲಾಗೆ ಬೆಂದ್ ಹೋಗ್ತಿದ್ರೆ ನಾನ್ ಹೂವು ಎತ್ತುತಿದ್ದೆ." ಅವಳು ಅಳುತ್ತಿರಲಿಲ್ಲ. ಎಷ್ಟೋ ಸಲ ಹೇಳಿ ಸವೆದ ಮಾತು ಅದು. "ಹಿರೇರು ಕೂತು ಹೇಳಿದ್ರು, ಮಗ್ಗದ ಮನೆ ಆ ಮಗೀಗೆ ಬ್ಯಾಡ, ಬನಕ್ಕನತ್ರ ಇರ್ಲಿ ಅಂತ. ನಾನೂ ಹೂಂ ಅಂದೆ. ಕೇಳುಸ್ದಿರೋ ತಾಯಿ ಇದ್ದೇನು, ಬಿಟ್ಟೇನು? ಈಗ ಹೊಸ್ತಿಲಾಗೆ ಕೂತು ನೋಡ್ತೀನಿ, ಅಷ್ಟೇ."

ಎದುರು ಮನೆಯ ಕಟ್ಟೆಯ ಮೇಲೆ ಹುಡುಗಿಯೊಬ್ಬಳು ಕೂತಿದ್ದಳು. ಬಲಗೈಗೆ ಬಿಳಿಯ ಪಟ್ಟಿ ಸುತ್ತಿತ್ತು. ಅವಳೂ ಇತ್ತ ಕಡೆಯೇ ನೋಡುತ್ತಿದ್ದಳು.

ಬಸ್ಸಿನಲ್ಲಿ ಬರುತ್ತ ದಾಕ್ಷಾಯಿಣಿ ಮಾತುಗಳನ್ನೆಲ್ಲ ಹೊಂದಿಸಿಕೊಂಡಿದ್ದಳು. ದಾಖಲೆ, ತಾಯಿ, ಮಗು, ಬಿಡಿಸು, ಎಲ್ಲ ಸರಳವಾಗಿ. ಈಗ ಒಂದೂ ನೆನಪಿಗೆ ಬರಲಿಲ್ಲ. ಪೆಟ್ಟಿಗೆಯನ್ನು ನೋಡಿದಳು, ಮಗ್ಗವನ್ನು ನೋಡಿದಳು.

"ಚೌಡಮ್ಮ, ಒಂದು ಸಲ ಮಗ್ಗದಲ್ಲಿ ಕೂತು ನೇಯಿರಿ."

"ಬ್ಯಾಡ ಮೇಡಮ್ಮ."

"ಒಂದೇ ಒಂದು ನಿಮಿಷ. ಅವತ್ತು ಹೇಗೆ ನೇಯ್ತಿದ್ರೋ ಹಾಗೆ. ನಿಮ್ಮ ಕಾಲಿಗೆ ಬೀಳ್ತೀನಿ."

ವಯಸ್ಸಿನಲ್ಲಿ ಹಿರಿಯಳು ಕಾಲಿಗೆ ಬೀಳುವ ಮಾತಾಡಿದ್ದು ಕೇಳಿ ಚೌಡಮ್ಮ ಹೌಹಾರಿ ಎದ್ದಳು. ಹೊದಿಕೆ ಸರಿಸಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಒಂದು ಗಳಿಗೆ ಕಣ್ಣು ಮುಚ್ಚಿದಳು. ಲಾಳಿ ಅತ್ತಿಂದಿತ್ತ ಹಾರಿತು. ನೂಲು ಒತ್ತುವ ಅಚ್ಚು ಬಡಿಯಿತು. ಮೊದಲು ಮೆಲ್ಲಗೆ, ಆಮೇಲೆ ಕೈಕಾಲು ತಮ್ಮ ಲಯ ಹಿಡಿದು ಮನೆಯೇ ಅದುರುವಂತೆ. ಎದುರು ಕಟ್ಟೆಯ ಹುಡುಗಿ ಎದ್ದು ನಿಂತಳು.

ದಾಕ್ಷಾಯಿಣಿ ಪೆಟ್ಟಿಗೆಯ ಕೆಳಗೆ ಬೆರಳಿಟ್ಟುಕೊಂಡು ನಿಂತಿದ್ದಳು. ಪರೀಕ್ಷೆಯ ಗುಂಡಿಯ ಕೂಗೂ ಎಚ್ಚರಿಕೆಯ ಕೂಗೂ ಒಂದೇ, ಒಂದೇ ಜೋರು. ಆದರೆ ಮಗ್ಗ ನಡೆಯುವಾಗ ಅದನ್ನು ಯಾರೂ ಒತ್ತಿ ನೋಡಿರಲಿಲ್ಲ. ಕೇಳಿಸದಿದ್ದರೆ? ಕೇಳಿಸದಿದ್ದರೆ ಅವಳ ತಪ್ಪು ಅರ್ಧ ಇಳಿಯುತ್ತದೆ. ಹೆಸರಿದ್ದಿದ್ದರೂ ಆಗುವುದು ಆಗುತ್ತಿತ್ತು ಎನ್ನಬಹುದು. ಕೇಳಿಸದಿರಲಿ ಎಂದು ಅವಳ ಮನಸ್ಸಿನ ಒಂದು ಮೂಲೆ ಹಾರೈಸಿತು. ಹಾರೈಸಿದ್ದು ಅವಳಿಗೇ ಗೊತ್ತಾಯಿತು. ಇಷ್ಟು ದೂರ ಬಂದೂ ತಾನು ಇಂಥವಳೇ ಎನ್ನಿಸಿ, ಗುಂಡಿಯನ್ನು ಒತ್ತಿದಳು.

ಪೆಟ್ಟಿಗೆ ಕಿರುಚಿತು. ಮಗ್ಗದ ಬಡಿತವನ್ನು ಸೀಳಿಕೊಂಡು, ತೊಲೆಯ ಮೇಲಿನ ಗುಬ್ಬಿ ಹಾರಿಹೋಗುವಂತೆ ಕಿರುಚಿತು. ಚೌಡಮ್ಮನ ಕೈಯಿಂದ ಲಾಳಿ ಜಾರಿ ಬಿತ್ತು.

ಅವಳು ತಲೆಯೆತ್ತಿ ಪೆಟ್ಟಿಗೆಯನ್ನು ನೋಡಿದಳು.

"ಕೇಳುಸ್ತೈತೆ," ಎಂದಳು.

"ಕೇಳಿಸುತ್ತೆ ಚೌಡಮ್ಮ."

"ಮತ್ತೆ ಅವತ್ತು?"

"ಅವತ್ತು ಇದು ಕೂಗ್ಲಿಲ್ಲ. ಎದುರು ಮನೆಯ ಪೆಟ್ಟಿಗೆ ಕೂಗ್ತು. ಅಲ್ಲಿ ಬೀಗ ಹಾಕಿತ್ತು. ನಿಮ್ಮ ಮಗಳ ಹೆಸರು ಎರಡೂ ಮನೆಯ ಕೆಳಗೆ ಇರಬೇಕಿತ್ತು. ನಮ್ಮ ಯಂತ್ರ ಒಂದು ಮಗುವಿಗೆ ಒಂದೇ ಮನೆ ಅಂತ ಹಟ ಮಾಡ್ತು. ನಂಗೆ ಆತುರ ಇತ್ತು. ಅದನ್ನ ಸುಮ್ಮನಾಗಿಸೋಕೆ ಈ ಮನೆಯಿಂದ ಹೆಸರು ಬಿಡಿಸಿಬಿಟ್ಟೆ. ತಪ್ಪು ಅಂತ ಗೊತ್ತಿತ್ತು. ಆಮೇಲೆ ಸರಿ ಮಾಡಿದರಾಯ್ತು ಅಂತ ಏಳು ತಿಂಗಳು ಬಿಟ್ಟೆ." ದಾಕ್ಷಾಯಿಣಿ ಪೆಟ್ಟಿಗೆಯಿಂದ ಕೈ ತೆಗೆದಳು. "ನಿಮ್ಮ ಕಿವಿಯ ತಪ್ಪಲ್ಲ. ನಿಮ್ಮ ಮಗ್ಗದ ತಪ್ಪಲ್ಲ. ನಾನು ಮಾಡಿದ್ದು."

ಚೌಡಮ್ಮ ಮಗ್ಗದ ಗುಂಡಿಯಿಂದ ಮೇಲೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ದಾಕ್ಷಾಯಿಣಿ. ಹೊಡೆಯಲಿ ಎಂದೂ ಅನ್ನಿಸಿತು. ಚೌಡಮ್ಮ ಹೊಡೆಯಲಿಲ್ಲ. ಅವಳ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೊಸ್ತಿಲು ದಾಟಿಸಿದಳು. ನಲವತ್ತು ದಿನ ದಾಟದ ಬೀದಿಯನ್ನು ಆರು ಹೆಜ್ಜೆಯಲ್ಲಿ ದಾಟಿ, ಬನಕ್ಕನ ಕಟ್ಟೆಯ ಮುಂದೆ ನಿಲ್ಲಿಸಿದಳು. ಮಗ್ಗಗಳು ಒಂದೊಂದಾಗಿ ನಿಂತು ಕೇರಿಯವರು ಬಾಗಿಲಿಗೆ ಬಂದರು. ಬನಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಹೇಳು," ಎಂದಳು ಚೌಡಮ್ಮ. "ನನ್ ಮುಂದೆ ಹೇಳಿದ್ದನ್ನ ಇಲ್ಲೇಳು. ಎಲ್ರಿಗೂ ಕೇಳಂಗೆ ಹೇಳು."

ದಾಕ್ಷಾಯಿಣಿ ಮತ್ತೊಮ್ಮೆ ಹೇಳಿದಳು. ಎರಡನೆಯ ಸಲ ಸುಲಭವಾಗಬೇಕಿತ್ತು, ಆಗಲಿಲ್ಲ. ಪಟ್ಟಿ ಸುತ್ತಿದ ಕೈ ಒಂದು ಮೊಳ ದೂರದಲ್ಲಿತ್ತು. ಹಿಂದಿನಿಂದ ಯಾರೋ ಬೈದರು. ಇನ್ನೊಬ್ಬರು ಪೊಲೀಸು ಎಂದರು. ಒಬ್ಬ ಮುದುಕ, ಹಂಗಾದ್ರೆ ಈ ಕಡಗ ಬಿಚ್ಚಿ ಎಸೀರಲೇ ಎಂದು ಕೂಗಿದ. ಜಯಸಿಂಹ ಹೆದರಿದ್ದ ಮಾತು ಅವಳ ಕಣ್ಣೆದುರಿಗೇ ಹುಟ್ಟಿತು.

"ಬಿಚ್ಚಬೇಡಿ," ಎಂದಳು ದಾಕ್ಷಾಯಿಣಿ. "ಕಡಗದ ತಪ್ಪಿಲ್ಲ. ನನ್ನ ಮೇಲೆ ನಂಬಿಕೆ ಇಡಬೇಡಿ, ಪೆಟ್ಟಿಗೆಯನ್ನ ನೀವೇ ಪರೀಕ್ಷೆ ಮಾಡಿ. ಇವತ್ತಿನ ದಾಖಲೆ ತಂದಿದೀನಿ, ಯಾರ ಹೆಸರು ಯಾವ ಮನೇಲಿದೆ ಅಂತ ನೀವೇ ಓದಿ ನೋಡಿ." ಚೀಲದಿಂದ ಕಾಗದದ ಕಟ್ಟು ತೆಗೆದಳು. ಅದನ್ನು ಮೊದಲು ತೆಗೆದುಕೊಂಡದ್ದು ತನುಜ. ಎಡಗೈಯಲ್ಲಿ ಹಾಳೆ ಹಿಡಿದು, ತುಟಿ ಅಲುಗಿಸುತ್ತ ಓದಿದಳು.

"ಅಮ್ಮ, ನನ್ ನಂಬರು ಎರಡೂ ಮನೇಲೈತೆ."

ಚೌಡಮ್ಮ ಹಾಳೆಗಳನ್ನು ದಾಕ್ಷಾಯಿಣಿಗೆ ಮರಳಿಸಿ ಮಗಳ ಎಡಗೈ ಹಿಡಿದಳು. "ಅಕ್ಕಾ, ಕರ್ಕಂಡು ಹೋಗ್ತೀನಿ. ಮಲಗೋಕೆ ಇಲ್ಲಿಗೇ ಬತ್ತಾಳೆ," ಎಂದಳು ಬನಕ್ಕನಿಗೆ. ಬನಕ್ಕ ಬೇಡವೆನ್ನಲಿಲ್ಲ. ಕಣ್ಣೊರೆಸಿಕೊಂಡು, ತನುಜಳ ಊಟದ ತಟ್ಟೆಯನ್ನು ಒಳಗಿನಿಂದ ತಂದು ಕೊಟ್ಟಳು.

ದಾಕ್ಷಾಯಿಣಿ ನಾಲ್ಕಾಗಿ ಮಡಿಸಿದ ಅರ್ಜಿಯನ್ನು ಚಾಚಿದಳು. ಚೌಡಮ್ಮ ಅದನ್ನು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ನನ್ನನ್ನ ಕ್ಷಮಿಸಿ ಅಂತ ಕೇಳೋಕೆ ನಂಗೆ ಮುಖ ಇಲ್ಲ," ಎಂದಳು ದಾಕ್ಷಾಯಿಣಿ.

"ಕೇಳ್ಬ್ಯಾಡ." ಚೌಡಮ್ಮ ಮೊದಲ ಸಲ ಅವಳ ಕಣ್ಣು ನೋಡಿದಳು. "ನಲವತ್ತು ದಿನ ನಾನ್ ನನ್ ಕಿವಿ ಕಿತ್ತಾಕ್ಲಾ ಅನ್ಕಂಡಿದೀನಿ. ನೀ ಆ ಊರಾಗೆ ಉಂಡ್ಕಂಡು ತಿಂದ್ಕಂಡು ಇದ್ದಿ. ನಮ್ಮಂಗೆ ಎರಡು ಮನೇರು ಇನ್ನೂ ಎಷ್ಟು ಜನ ಅದಾರೆ?"

"ನಲವತ್ತು."

"ಅವ್ರಿಗೆ ಹೇಳ್ದಾ?"

"ಇಲ್ಲ."

"ಹಂಗಾದ್ರೆ ಇಲ್ಯಾಕ್ ನಿಂತಿ? ಹೋಗು."

ಆ ಸೀಮೆಯಲ್ಲಿ ಹಗೆಯವರನ್ನೂ ಬರಿದೇ ಹೋಗು ಎಂದು ಕಳಿಸುವುದಿಲ್ಲ, ಹೋಗಿ ಬಾ ಎನ್ನುತ್ತಾರೆ. ಕೈ ಹಿಡಿದು ನಡೆಯುತ್ತಿದ್ದ ತನುಜ ಅದಕ್ಕೇ ಏನೋ ತಿರುಗಿ ನೋಡಿದಳು. "ಹೋಗ್ ಬಾ ಅನ್ನಮ್ಮ," ಎಂದಳು ಮೆಲ್ಲಗೆ. ಚೌಡಮ್ಮ ಅನ್ನಲಿಲ್ಲ. ಮಗಳನ್ನು ಕರೆದುಕೊಂಡು ಹೊಸ್ತಿಲು ದಾಟಿ ಒಳಗೆ ಹೋದಳು.

ದಾಕ್ಷಾಯಿಣಿ ಕಾಗದದ ಕಟ್ಟನ್ನು ತೆರೆದು ಎರಡನೆಯ ಹೆಸರು ಓದಿದಳು. ಅದೇ ಕೇರಿಯ ಕೊನೆಯ ಮನೆ. ಅವಳು ಆ ಬಾಗಿಲು ತಟ್ಟುವ ಹೊತ್ತಿಗೆ ಹಿಂದುಗಡೆ ಚೌಡಮ್ಮನ ಮನೆಯ ಪೆಟ್ಟಿಗೆ ಒಮ್ಮೆ ಕೂಗಿ ನಿಂತಿತು. ಹುಡುಗಿ ಗುಂಡಿ ಒತ್ತಿ ನೋಡಿರಬೇಕು. ಅದು ನಿಂತ ಮೇಲೆ ಮಗ್ಗದ ಸದ್ದು ಶುರುವಾಯಿತು.